ಬೆಂಕಿ 4 ಗಂಟೆ, ತೂತು 24 ಗಂಟೆ: ಅಗ್ಗಿಷ್ಟಿಕೆಯಿಂದ ಸೋರುವ ಬಿಸಿಯನ್ನು ಉಳಿಸಿಕೊಳ್ಳುವುದು ಹೇಗೆ?

ಅಗ್ಗಿಷ್ಟಿಕೆಯ ಮುಂದೆ ಕೂತರೆ ಮುಖ ಚುರುಗುಟ್ಟುತ್ತದೆ, ಬೆನ್ನು ಮಾತ್ರ ತಣ್ಣಗೇ ಇರುತ್ತದೆ. ಗಮನಿಸಿದ್ದೀರಿ ಅಲ್ವಾ? ಕೆಂಡದ ಕಾವು ಮುಖಕ್ಕೆ ನೇರವಾಗಿ ತಾಗುತ್ತದೆ. ಬೆನ್ನ ಹಿಂದೆ ಹಾಯುವುದು ಬಾಗಿಲು, ಕಿಟಕಿಗಳ ಸಂದಿನಿಂದ ನುಗ್ಗಿದ ಚಳಿಗಾಳಿ. ಅದನ್ನು ಒಳಗೆ ಎಳೆದುಕೊಳ್ಳುತ್ತಿರುವುದೂ ಆ ಬೆಂಕಿಯೇ.

ಹೊಗೆ ಚಿಮಣಿಯಲ್ಲಿ ಮೇಲೆ ಹೋಗುವಾಗ ಕೋಣೆಯ ಬೆಚ್ಚಗಿನ ಗಾಳಿಯನ್ನೂ ಜೊತೆಗೆ ಒಯ್ಯುತ್ತದೆ. ಹೋದಷ್ಟೇ ಗಾಳಿ ಹೊರಗಿನಿಂದ ಒಳಗೆ ಬರಲೇಬೇಕು. ಜೋರಾಗಿ ಉರಿಯುವ ದೊಡ್ಡ ಬೆಂಕಿ ಗಂಟೆಗೆ 680 ಘನ ಮೀಟರ್‌ವರೆಗೆ ಗಾಳಿಯನ್ನು ಹೊರಗೆ ಕಳಿಸಬಲ್ಲದು. 100 ಚದರ ಮೀಟರ್ ಮನೆಯಲ್ಲಿ ಇರುವ ಗಾಳಿಯೇ ಸುಮಾರು 270 ಘನ ಮೀಟರ್. ಅಂದರೆ ಗಂಟೆಗೆ ಎರಡೂವರೆ ಸಲ ಮನೆಯ ಗಾಳಿ ಖಾಲಿಯಾಗಿ ತುಂಬಿದ ಹಾಗೆ. ಹೊರಗೆ 0 ಡಿಗ್ರಿ, ಒಳಗೆ 20 ಡಿಗ್ರಿ ಇದ್ದರೆ, ಅಷ್ಟು ಗಾಳಿಯನ್ನು ಮತ್ತೆ ಬಿಸಿ ಮಾಡಲು ಗಂಟೆಗೆ ನಾಲ್ಕೂವರೆ ಯೂನಿಟ್‌ನಷ್ಟು ಶಕ್ತಿ ಬೇಕು. 1500 ವ್ಯಾಟ್‌ನ ಮೂರು ಹೀಟರ್ ಒಟ್ಟಿಗೆ ಹಾಕಿಟ್ಟ ಲೆಕ್ಕ. ಇನ್ನು ಸೌದೆಯ ಬಿಸಿಯಲ್ಲಿ ತೆರೆದ ಅಗ್ಗಿಷ್ಟಿಕೆ ಕೋಣೆಗೆ ಕೊಡುವುದು ಸಾಮಾನ್ಯವಾಗಿ ಹತ್ತರಲ್ಲಿ ಒಂದು ಪಾಲು. ತುಂಬಾ ಚಳಿ ಇರುವ ರಾತ್ರಿ ಆ ಒಂದು ಪಾಲೂ ಲೆಕ್ಕಕ್ಕೆ ಸಿಗುವುದಿಲ್ಲ. ಕೂತ ಜಾಗ ಬೆಚ್ಚಗಿರುತ್ತದೆ, ಮನೆ ಒಟ್ಟಾರೆ ತಣ್ಣಗಾಗುತ್ತದೆ.

ಹಾಗಂತ ಎಲ್ಲರೂ ಮೊದಲು ಬೆಂಕಿಯ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಮೊದಲು ನೋಡುವುದು ತೂತನ್ನು. ಬೆಂಕಿ ದಿನಕ್ಕೆ ಮೂರೋ ನಾಲ್ಕೋ ಗಂಟೆ ಉರಿಯುತ್ತದೆ, ಅದೂ ಎಲ್ಲ ದಿನ ಅಲ್ಲ. ಚಿಮಣಿ ಮಾತ್ರ ಹಗಲೂ ರಾತ್ರಿ ತೆರೆದ ಕಿಟಕಿಯ ಹಾಗೆ ಮನೆಯ ಬಿಸಿಯನ್ನು ಹೊರಗೆ ಬಿಡುತ್ತಲೇ ಇರುತ್ತದೆ. ಹಾಗಾಗಿ ಈ ಲೇಖನದಲ್ಲಿ ಮೊದಲು ತೂತು, ಆಮೇಲೆ ಗಾಳಿ, ಆಮೇಲೆ ಸೌದೆ. ಜಾಸ್ತಿ ದುಡ್ಡು ಬೇಡುವ ಕೆಲಸ ಕೊನೆಗೆ.

ಹಂತ 1: ಎಲ್ಲಿ ಸೋರುತ್ತಿದೆ ಅಂತ ಪತ್ತೆ ಮಾಡಿ

ಬೆಂಕಿ ಆರಿ ಪೂರ್ತಿ ತಣ್ಣಗಾದ ದಿನ, ಹೊರಗೆ ಚಳಿ ಇರುವಾಗ ಈ ಪರೀಕ್ಷೆ ಮಾಡಿ. ಬೆಂಕಿಗೂಡಿನ ಮೇಲ್ಭಾಗದಲ್ಲಿ, ಚಿಮಣಿ ಶುರುವಾಗುವ ಕುತ್ತಿಗೆಯಲ್ಲಿ, ಒಂದು ಲೋಹದ ಮುಚ್ಚಳ ಇರುತ್ತದೆ. ಅದೇ ಡ್ಯಾಂಪರ್. ಅದನ್ನು ಮುಚ್ಚಿ. ಒಂದು ಊದುಬತ್ತಿ ಹಚ್ಚಿ ಬೆಂಕಿಗೂಡಿನ ಬಾಯಿಯ ಮೇಲಂಚಿನ ಹತ್ತಿರ ಹಿಡಿಯಿರಿ. ಹೊಗೆ ಒಳಗೆ ತಿರುಗಿ ಸರಕ್ಕನೆ ಮೇಲೆ ಹೋದರೆ ಮನೆಯ ಬಿಸಿಗಾಳಿ ಹೊರಗೆ ಹೋಗುತ್ತಿದೆ. ನಿಮ್ಮ ಮುಖದ ಕಡೆಗೆ ಬಂದರೆ ಚಳಿಗಾಳಿ ಕೆಳಗೆ ಇಳಿಯುತ್ತಿದೆ. ಎರಡೂ ಸೋರಿಕೆಯೇ. ಹೊಗೆ ಸೋಮಾರಿಯಾಗಿ ನೆಟ್ಟಗೆ ಏರಿ ಅಲ್ಲೇ ಚದುರಿದರೆ ಮುಚ್ಚಳ ಚೆನ್ನಾಗಿದೆ.

ಆಮೇಲೆ ಕನ್ನಡಕ, ಮಾಸ್ಕ್ ಹಾಕಿಕೊಂಡು ಟಾರ್ಚ್ ಬಿಟ್ಟು ಮೇಲೆ ನೋಡಿ. ಕನ್ನಡಕ ಯಾಕೆ ಅಂತ ಕೇಳಬೇಡಿ, ಒಂದು ಸಲ ಕಣ್ಣಿಗೆ ಮಸಿ ಬಿದ್ದರೆ ಗೊತ್ತಾಗುತ್ತದೆ. ಡ್ಯಾಂಪರ್‌ನ ಅಂಚು ಬಾಗಿದೆಯಾ? ಅಂಚಿನಲ್ಲಿ ಮಸಿ ಗಟ್ಟಿಯಾಗಿ ಕೂತಿದೆಯಾ? ಉದುರಿದ ಗಾರೆಯ ಚೂರು, ಹಕ್ಕಿಗೂಡಿನ ಕಡ್ಡಿ ಸಿಕ್ಕಿಕೊಂಡು ಮುಚ್ಚಳ ಪೂರ್ತಿ ಕೂರದೆ ಇದೆಯಾ? ಎಷ್ಟೋ ಮನೆಗಳಲ್ಲಿ ತಂತಿಬ್ರಷ್‌ನಿಂದ ಅಂಚು ಉಜ್ಜಿದರೆ ಸಾಕು, ಅರ್ಧ ಸೋರಿಕೆ ನಿಲ್ಲುತ್ತದೆ. ಕೈಗೆ ಎಟುಕುವ ಹಾಗಿದ್ದರೆ ಒಂದು ಕಾಗದದ ಪಟ್ಟಿ ಇಟ್ಟು ಮುಚ್ಚಿ, ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದಿದೆ.

ಚಿಮಣಿಯ ಬಾಯಿಯಷ್ಟೇ ನೋಡಿ ನಿಲ್ಲಿಸಬೇಡಿ. ಅದೇ ಊದುಬತ್ತಿಯನ್ನು ಇಟ್ಟಿಗೆ ಗೋಡೆಗೆ ಸೇರುವ ಕಡೆ, ಮುಂದಿನ ಕಲ್ಲುಹಾಸು ನೆಲಕ್ಕೆ ಸೇರುವ ಕಡೆ ಹಿಡಿದು ನೋಡಿ. ಮನೆ ಕಟ್ಟಿ ವರ್ಷಗಳಾದ ಮೇಲೆ ಅಲ್ಲಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ. ಬಿಸಿ ತಾಗುವ ಜಾಗದ ಬಿರುಕಿಗೆ ಹೆಚ್ಚಿನ ಶಾಖ ತಡೆಯುವ ಸೀಲಂಟ್ ಬೇಕು. ಬೆಂಕಿಗೂಡಿನ ಒಳಗಿನ ಇಟ್ಟಿಗೆ ಸಂದಿಗೆ ಬೆಂಕಿ ತಡೆಯುವ ಗಾರೆಯೇ ಬೇಕು. ಕಿಟಕಿಗೆ ಬಳಸಿ ಮಿಕ್ಕಿದ ಫೋಮ್ ಇದೆಯಲ್ಲ ಅಂತ ಅದನ್ನೇ ಇಲ್ಲಿ ತುಂಬಬೇಡಿ. ಅದಕ್ಕೆ ಬೆಂಕಿ ಹತ್ತುತ್ತದೆ.

ಹಂತ 2: ಬೆಂಕಿ ಇಲ್ಲದಾಗ ತೂತು ಮುಚ್ಚಿ

ಕುತ್ತಿಗೆಯ ಕಬ್ಬಿಣದ ಡ್ಯಾಂಪರ್ ಎಷ್ಟೇ ಉಜ್ಜಿದರೂ ಗಾಳಿ ಹೋಗದ ಹಾಗೆ ಕೂರುವುದು ಅಪರೂಪ. ವರ್ಷಗಟ್ಟಲೆ ಕಾದು, ತಣಿದು ಲೋಹ ಡೊಂಕಾಗಿರುತ್ತದೆ. ಅದಕ್ಕೆ ಮೂರು ದಾರಿಗಳಿವೆ.

ಒಂದು, ಚಿಮಣಿಯ ತುದಿಯಲ್ಲೇ ಕೂರುವ ಡ್ಯಾಂಪರ್. ಅಂಚಿನಲ್ಲಿ ಮೆತ್ತನೆಯ ಪಟ್ಟಿ ಇರುವುದರಿಂದ ಬಿಗಿಯಾಗಿ ಮುಚ್ಚುತ್ತದೆ. ಅದರ ತಂತಿ ಚಿಮಣಿಯೊಳಗೆ ಇಳಿದು ಬೆಂಕಿಗೂಡಿನ ಪಕ್ಕಕ್ಕೆ ಬರುತ್ತದೆ. ಎಳೆದರೆ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಮಳೆ, ಹಕ್ಕಿ ಎರಡೂ ಒಳಗೆ ಬರುವುದಿಲ್ಲ. ಅಗ್ಗಿಷ್ಟಿಕೆ ಆಗಾಗ ಬಳಸುವವರಿಗೆ ನಾನು ಹೇಳುವುದು ಇದನ್ನೇ. ಚಾವಣಿ ಹತ್ತುವ ಕೆಲಸ, ಬಲ್ಲವರ ಕೈಯಲ್ಲೇ ಹಾಕಿಸಿ.

ಎರಡು, ಚಿಮಣಿಯ ಬಿರಡೆ. ಊದಿಸುವ ಬಲೂನಿನ ಥರದ್ದೂ ಇದೆ, ದಪ್ಪ ಉಣ್ಣೆಯದ್ದೂ ಇದೆ. ಕುತ್ತಿಗೆಗೆ ತುರುಕಿದರೆ ಆಯಿತು. ಖರ್ಚು ಕಡಿಮೆ, ಕೆಲಸ ಐದು ನಿಮಿಷದ್ದು. ಒಂದೇ ಅಪಾಯ ಅಂದರೆ ಮರೆವು. ನಾನು ಒಂದು ಸಲ ಬಿರಡೆ ಹಾಕಿದ್ದನ್ನು ಮರೆತು ಬೆಂಕಿ ಹಚ್ಚಿದೆ. ಎರಡೇ ನಿಮಿಷದಲ್ಲಿ ಕೋಣೆ ತುಂಬ ಹೊಗೆ. ಪರದೆಗಳ ವಾಸನೆ ಹೋಗಲು ವಾರ ಹಿಡಿಯಿತು. ಅವತ್ತಿನಿಂದ ಬಿರಡೆಗೆ ಕೆಂಪು ಬಟ್ಟೆ ಕಟ್ಟಿ, ಅದು ಬೆಂಕಿಗೂಡಿನ ಬಾಯಿಯಲ್ಲಿ ಕಣ್ಣಿಗೆ ಹೊಡೆಯುವ ಹಾಗೆ ನೇತು ಬಿಡುತ್ತೇನೆ.

ಮೂರು, ಬೆಂಕಿಗೂಡಿನ ಬಾಯಿಯ ಅಳತೆಗೆ ಸರಿಯಾಗಿ ಕತ್ತರಿಸಿದ ಹಲಗೆ. ಹಿಂದೆ ಶಾಖ ತಡೆಯುವ ಹಾಳೆ, ಅಂಚಿಗೆ ಫೋಮ್ ಪಟ್ಟಿ. ಬೂದಿ ಪೂರ್ತಿ ತಣ್ಣಗಾದ ಮೇಲೆ ಮಾತ್ರ ಇದನ್ನು ಇಡಬೇಕು. ಪೂರ್ತಿ ತಣ್ಣಗೆ ಅಂದರೆ ಮೇಲೆ ತಣ್ಣಗೆ ಅಂತ ಅಲ್ಲ. ಬೂದಿಯ ಅಡಿಯಲ್ಲಿ ಹುದುಗಿದ ಕೆಂಡ ಎರಡು ಮೂರು ದಿನವೂ ಜೀವ ಹಿಡಿದಿರಬಹುದು. ಕಡ್ಡಿಯಿಂದ ಕೆದಕಿ ನೋಡಿ.

ಹಂತ 3: ಬೆಂಕಿ ಹಚ್ಚುವ ಮೊದಲು ಒಂದು ಸುತ್ತು ಹಾಕಿ

ಬೆಂಕಿಗೆ ಗಾಳಿ ಬೇಕೇ ಬೇಕು. ನೀವು ಕೊಡದಿದ್ದರೆ ಅದು ಮನೆಯ ಎಲ್ಲ ಸಂದಿನಿಂದ ಎಳೆದುಕೊಳ್ಳುತ್ತದೆ. ಮಲಗುವ ಕೋಣೆಯಿಂದಲೂ ಕೂಡ. ಎಲ್ಲಿಂದ ಎಳೆಯಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ. ಅಗ್ಗಿಷ್ಟಿಕೆಗೆ ಹತ್ತಿರದ ಕಿಟಕಿಯನ್ನು ಎರಡು ಮೂರು ಸೆಂಟಿಮೀಟರ್ ತೆರೆಯಿರಿ. ಕೋಣೆಯಿಂದ ಬೇರೆ ಕಡೆ ಹೋಗುವ ಬಾಗಿಲು ಮುಚ್ಚಿ. ಚಳಿಯಲ್ಲಿ ಕಿಟಕಿ ತೆರೆಯೋದಾ ಅಂತ ಮನೆಯವರು ನಗಬಹುದು. ಆದರೆ ಕಿಟಕಿಯಿಂದ ಬಂದ ಗಾಳಿ ನಾಲ್ಕು ಹೆಜ್ಜೆ ನಡೆದು ಬೆಂಕಿಗೆ ಸೇರುತ್ತದೆ, ಉಳಿದ ಕೋಣೆಗಳ ಬಿಸಿಗಾಳಿ ಅಲ್ಲಲ್ಲೇ ಉಳಿಯುತ್ತದೆ. ಕೆಲವು ಬೆಂಕಿಗೂಡುಗಳ ತಳದಲ್ಲೇ ಹೊರಗಿನ ಗಾಳಿ ಬರುವ ಕಿಂಡಿ ಇರುತ್ತದೆ. ಬೂದಿ ಮುಚ್ಚಿಕೊಂಡು ಕಾಣದೆ ಇರಬಹುದು, ಹುಡುಕಿ. ಇದ್ದರೆ ಅದನ್ನೇ ತೆರೆಯಿರಿ, ಕಿಟಕಿ ಬೇಡ.

ಅಡುಗೆಮನೆಯ, ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ. ಅವೂ ಗಾಳಿಯನ್ನು ಹೊರಗೆ ದಬ್ಬುತ್ತವೆ. ಜಗ್ಗಾಟದಲ್ಲಿ ಫ್ಯಾನ್ ಗೆದ್ದರೆ ಚಿಮಣಿಯ ಹೊಗೆ ಕೋಣೆಗೆ ವಾಪಸ್ ಬರುತ್ತದೆ.

ಇಡೀ ಮನೆಗೆ ಹೀಟಿಂಗ್ ಇದ್ದರೆ ಅದರ ಥರ್ಮೋಸ್ಟಾಟ್ ಅನ್ನು ಬೆಂಕಿ ಉರಿಯುವಷ್ಟು ಹೊತ್ತು 10ರಿಂದ 13 ಡಿಗ್ರಿಗೆ ಇಳಿಸಿ. ಹೆಚ್ಚಿನವರು ಇದನ್ನು ಮಾಡುವುದಿಲ್ಲ. ಆಗ ಏನಾಗುತ್ತದೆ? ಅಗ್ಗಿಷ್ಟಿಕೆ ಬಿಸಿಗಾಳಿಯನ್ನು ಹೊರಗೆ ಎಳೆಯುತ್ತದೆ, ಬೇರೆ ಕೋಣೆ ತಣ್ಣಗಾಗುತ್ತದೆ, ಹೀಟರ್ ಇನ್ನೂ ಜೋರಾಗಿ ಓಡುತ್ತದೆ. ದುಡ್ಡು ಕೊಟ್ಟು ಕಾಯಿಸಿದ ಗಾಳಿ ನೇರ ಚಿಮಣಿಗೆ. ಬೆಂಕಿ ಹಚ್ಚಿದ ದಿನವೇ ಬಿಲ್ ಜಾಸ್ತಿ ಬರುವುದರ ಗುಟ್ಟು ಇದು.

ಸೀಲಿಂಗ್ ಫ್ಯಾನ್ ಉಲ್ಟಾ ತಿರುಗುವ ಥರದ್ದಾಗಿದ್ದರೆ ಹಾಗೆ ತಿರುಗಿಸಿ ತೀರಾ ನಿಧಾನಕ್ಕೆ ಇಡಿ. ಮೇಲೆ ಸೇರಿಕೊಂಡ ಬಿಸಿ ಗೋಡೆಯ ಗುಂಟ ಕೆಳಗೆ ಬರುತ್ತದೆ. ಹೊಗೆ ಅಲುಗಿ ಹೊರಗೆ ಬರುವಂತಾದರೆ ನಿಲ್ಲಿಸಿ.

ಹಂತ 4: ಸೌದೆ ಒಣಗಿದೆಯಾ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಬೆಂಕಿಗೆ ಹಾಕುವ ದುಡ್ಡು ಹೆಚ್ಚು ಪೋಲಾಗುವುದು ಹಸಿ ಸೌದೆಯಿಂದ.

ಆಗ ತಾನೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. 10 ಕಿಲೋ ಅಂಥ ಸೌದೆ ಹಾಕಿದರೆ 5 ಕಿಲೋ ನೀರು. ಮೊದಲು ಆ ನೀರು ಕುದ್ದು ಆವಿಯಾಗಬೇಕು. ಅದಕ್ಕೆ ಬೇಕಾದ ಬಿಸಿಯನ್ನು ಸೌದೆಯೇ ಕೊಡಬೇಕು. ಚೆನ್ನಾಗಿ ಒಣಗಿದ ಸೌದೆಯಲ್ಲಿ ತೇವ ಶೇಕಡಾ 20ಕ್ಕಿಂತ ಕಡಿಮೆ ಇರುತ್ತದೆ. ಅಂಥ ಒಂದು ಕಿಲೋ ಸೌದೆಯಿಂದ ಸುಮಾರು 4 ಯೂನಿಟ್ ಶಾಖ ಸಿಗುತ್ತದೆ. ಅರ್ಧ ನೀರಿರುವ ಸೌದೆ ಕಿಲೋಗೆ ಅದರ ಅರ್ಧದಷ್ಟು ಕೊಟ್ಟರೆ ಹೆಚ್ಚು. ತೂಕದ ಲೆಕ್ಕದಲ್ಲಿ ಹಸಿ ಸೌದೆ ಕೊಂಡವರು ನೀರಿಗೆ ದುಡ್ಡು ಕೊಟ್ಟಂತೆ.

ಒಣಗಿದ್ದು ಹೇಗೆ ಗೊತ್ತಾಗುತ್ತದೆ? ಎರಡು ತುಂಡನ್ನು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿಯಿದ್ದರೆ ಧಪ್ ಅನ್ನುತ್ತದೆ. ತುದಿಯಲ್ಲಿ ನಡುವಿನಿಂದ ಸುತ್ತಲೂ ಬಿರುಕು ಬಿಟ್ಟಿರಬೇಕು, ತೊಗಟೆ ಸಲೀಸಾಗಿ ಬಿಡಬೇಕು. ಬೆಂಕಿಗೆ ಹಾಕಿದಾಗ ತುದಿಯಲ್ಲಿ ನೊರೆ ಬಂದು ಸುಯ್ ಅಂದರೆ ಅದು ಹಸಿಯೇ. ಇದೆಲ್ಲ ಅಂದಾಜು. ಖಚಿತ ಬೇಕಾದರೆ ತೇವ ಅಳೆಯುವ ಮೀಟರ್ ಸಿಗುತ್ತದೆ. ತುಂಡನ್ನು ಆಗಲೇ ಸೀಳಿ, ಒಳಮೈಗೆ ಮುಳ್ಳು ಚುಚ್ಚಿ ಅಳೆಯಿರಿ. ಹೊರಮೈ ಎರಡು ದಿನ ಬಿಸಿಲಿಗೇ ಒಣಗಿರುತ್ತದೆ, ಅದನ್ನು ಅಳೆದರೆ ಮೋಸ ಹೋಗುತ್ತೀರಿ.

ಮೆದು ಮರ ಒಣಗಲು ಕನಿಷ್ಠ ಆರು ತಿಂಗಳು ಬೇಕು. ಗಟ್ಟಿ ಮರಕ್ಕೆ ಒಂದು ವರ್ಷ, ಕೆಲವಕ್ಕೆ ಎರಡು. ಸೀಳಿಯೇ ಒಣಗಿಸಬೇಕು, ಇಡೀ ದಿಮ್ಮಿ ಒಣಗುವುದೇ ಇಲ್ಲ ಅನ್ನಬಹುದು. ನೆಲಕ್ಕೆ ತಾಗದಂತೆ ಒಟ್ಟಿ, ಮೇಲೆ ಮಾತ್ರ ಹೊದಿಸಿ, ಪಕ್ಕಗಳನ್ನು ಗಾಳಿಗೆ ಬಿಡಿ. ಸುತ್ತಲೂ ಪ್ಲಾಸ್ಟಿಕ್ ಸುತ್ತಿದರೆ ಒಳಗೇ ಬೂಸ್ಟು ಹಿಡಿಯುತ್ತದೆ. ಮುಂದಿನ ಚಳಿಗಾಲದ ಸೌದೆಯನ್ನು ಈ ಚಳಿಗಾಲದಲ್ಲೇ ಕೊಂಡು ಒಟ್ಟುವುದು ಜಾಣತನ.

ಬಣ್ಣ ಬಳಿದ ಮರ, ಗೆದ್ದಲು ಹಿಡಿಯದಂತೆ ಔಷಧ ಹಾಕಿದ ಮರ, ಪ್ಲೈವುಡ್, ಕಸ ಇವು ಯಾವುದೂ ಬೇಡ. ಹೊಗೆ ವಿಷ.

ಹಸಿ ಸೌದೆಯ ಇನ್ನೊಂದು ಕಾಟ ಚಿಮಣಿಯೊಳಗೆ ಕಾಣುತ್ತದೆ. ಮಂದವಾಗಿ ಉರಿಯುವ ಬೆಂಕಿಯ ಹೊಗೆ ತಣ್ಣನೆಯ ಚಿಮಣಿಗೆ ತಾಗಿ ಡಾಂಬರಿನಂಥ ಪದರ ಕಟ್ಟುತ್ತದೆ. ಕ್ರಿಯೋಸೋಟ್ ಅನ್ನುತ್ತಾರೆ. ಇದಕ್ಕೆ ಒಮ್ಮೆ ಬೆಂಕಿ ಹತ್ತಿದರೆ ಚಿಮಣಿಯೇ ಹೊತ್ತಿ ಉರಿಯುತ್ತದೆ. ಪದರ 3 ಮಿಲಿಮೀಟರ್ ದಪ್ಪ ಆಯಿತು ಅಂದರೆ ಸ್ವಚ್ಛ ಮಾಡಿಸಲು ತಡ ಮಾಡಬೇಡಿ. ಪದರ ಕಾಣಲಿ, ಕಾಣದಿರಲಿ, ವರ್ಷಕ್ಕೊಮ್ಮೆ ಚಿಮಣಿ ತಪಾಸಣೆ ಮಾಡಿಸಿ.

ಹಚ್ಚುವ ರೀತಿಯನ್ನೂ ಒಮ್ಮೆ ಬದಲಿಸಿ ನೋಡಿ. ದಪ್ಪ ತುಂಡುಗಳನ್ನು ಕೆಳಗೆ ಇಡಿ, ಮೇಲೆ ಸಣ್ಣವು, ಅದರ ಮೇಲೆ ಪುಳ್ಳೆ. ಬೆಂಕಿ ಮೇಲಿನಿಂದ ಹಚ್ಚಿ. ನಾವೆಲ್ಲ ಕಲಿತದ್ದಕ್ಕೆ ಉಲ್ಟಾ, ಗೊತ್ತು. ಆದರೆ ಕೆಳಗಿನಿಂದ ಏಳುವ ಹೊಗೆ ಮೇಲಿನ ಜ್ವಾಲೆಯನ್ನು ದಾಟಿ ಹೋಗಬೇಕಾಗುತ್ತದೆ, ದಾಟುವಾಗ ಅದೂ ಉರಿಯುತ್ತದೆ. ಹೊಗೆ ಕಡಿಮೆ, ಚಿಮಣಿಯೂ ಬೇಗ ಬಿಸಿ.

ಹಂತ 5: ಕಾವನ್ನು ಕೋಣೆಯ ಕಡೆಗೆ ತಿರುಗಿಸಿ

1796ರಲ್ಲಿ ವಿಜ್ಞಾನಿ ಬೆಂಜಮಿನ್ ಥಾಂಪ್ಸನ್, ಅಂದರೆ ಕೌಂಟ್ ರಮ್‌ಫರ್ಡ್, ಇದರ ಮೇಲೆ ಒಂದು ಪ್ರಬಂಧವನ್ನೇ ಬರೆದರು. ತೆರೆದ ಬೆಂಕಿಯಿಂದ ನಮಗೆ ಸಿಗುವುದು ನೇರವಾಗಿ ಸೂಸುವ ಕಾವು ಮಾತ್ರ. ಆಳವಾದ ಗೂಡಿನಲ್ಲಿ ಅದು ಅಕ್ಕಪಕ್ಕದ ಇಟ್ಟಿಗೆಗೇ ಹೋಗುತ್ತದೆ. ಹಾಗಾಗಿ ಗೂಡು ಆಳ ಕಡಿಮೆ ಇರಲಿ, ಪಕ್ಕದ ಗೋಡೆಗಳು ಕೋಣೆಯ ಕಡೆಗೆ ಅಗಲವಾಗಿ ತೆರೆದುಕೊಳ್ಳಲಿ, ಚಿಮಣಿಯ ಕುತ್ತಿಗೆ 4 ಇಂಚಿನಷ್ಟೇ ಇರಲಿ ಅಂದರು. ನಿಮ್ಮ ಬೆಂಕಿಗೂಡಿನ ಒಳಗೋಡೆ ಹೇಗೂ ಉದುರಿ ಹೋಗಿದ್ದು ಮತ್ತೆ ಕಟ್ಟಿಸುವುದಿದ್ದರೆ ಈ ಆಕಾರ ಗೊತ್ತಿರುವ ಗಾರೆಯವರನ್ನು ಹುಡುಕಿ.

ಕಟ್ಟಿಸುವ ಯೋಚನೆ ಇಲ್ಲವಾ? ಹಿಂದಿನ ಗೋಡೆಗೆ ಒರಗಿಸಿ ಎರಕದ ಕಬ್ಬಿಣದ ದಪ್ಪ ಫಲಕ ನಿಲ್ಲಿಸಿ. ಅದು ಕಾದು ಕೋಣೆಯ ಕಡೆಗೆ ಬಿಸಿ ಸೂಸುತ್ತದೆ, ಬೆಂಕಿ ಇಳಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಸೌದೆ ಇಡುವ ಜಾಲರಿಯಲ್ಲಿ ಬಾಗಿದ ಕೊಳವೆಗಳಿರುವ ಬಗೆಯೂ ಸಿಗುತ್ತದೆ. ಕೆಳಗಿನ ಬಾಯಿಯಿಂದ ಕೋಣೆಯ ಗಾಳಿ ಒಳಗೆ ಹೋಗಿ, ಬೆಂಕಿಯ ಸುತ್ತ ಕಾದು, ಮೇಲಿನ ಬಾಯಿಯಿಂದ ಕೋಣೆಗೇ ಬರುತ್ತದೆ. ಇವು ಸಣ್ಣ ಲಾಭಗಳು. ತೂತು ಮುಚ್ಚದೆ ಇವನ್ನು ಕೊಂಡರೆ ಸುಮ್ನೆ ದುಡ್ಡು ದಂಡ.

ಹಂತ 6: ಮಲಗುವ ಮುಂಚೆ

ರಾತ್ರಿ ಹನ್ನೊಂದಕ್ಕೆ ಬೆಂಕಿ ಇಳಿದಿದೆ, ಕೆಂಡ ಇದೆ. ಕೋಣೆಗೆ ಬರುವ ಬಿಸಿ ಹೆಚ್ಚೇನಿಲ್ಲ. ಚಿಮಣಿ ಮಾತ್ರ ಇನ್ನೂ ಬಿಸಿಯಾಗಿದ್ದು ಚೆನ್ನಾಗಿ ಎಳೆಯುತ್ತಲೇ ಇದೆ. ಡ್ಯಾಂಪರ್ ಮುಚ್ಚಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಮುಚ್ಚಬೇಡಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತಿರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಅಗ್ಗಿಷ್ಟಿಕೆ ಇರುವ ಮನೆಯಲ್ಲಿ ಇದನ್ನು ಪತ್ತೆ ಮಾಡುವ ಅಲಾರಂ ಇರಲೇಬೇಕು, ಮಲಗುವ ಕೋಣೆಗಳ ಹತ್ತಿರವೂ ಒಂದು.

ಹಾಗಾದರೆ ರಾತ್ರಿಯಿಡೀ ಬಿಸಿ ಹೋಗುತ್ತಲೇ ಇರಬೇಕಾ? ಇಲ್ಲಿ ಗಾಜಿನ ಬಾಗಿಲು ಕೆಲಸಕ್ಕೆ ಬರುತ್ತದೆ. ಬೆಂಕಿಗೂಡಿನ ಬಾಯಿಗೆ ಹಾಕಿಸುವ ಈ ಬಾಗಿಲು ಮುಚ್ಚಿದರೆ ಡ್ಯಾಂಪರ್ ತೆರೆದೇ ಇರುತ್ತದೆ, ಹೊಗೆ ಮೇಲೆ ಹೋಗುತ್ತದೆ, ಕೋಣೆಯ ಗಾಳಿ ಮಾತ್ರ ಹೆಚ್ಚು ಹೋಗುವುದಿಲ್ಲ. ಬೆಂಕಿ ಜೋರಾಗಿರುವಾಗ ಮುಚ್ಚಬೇಕೋ ತೆರೆದಿಡಬೇಕೋ ಅನ್ನುವುದು ಗಾಜು ಯಾವ ಬಗೆಯದು ಅನ್ನುವುದರ ಮೇಲಿದೆ. ಸಾಮಾನ್ಯ ಟೆಂಪರ್ಡ್ ಗಾಜು ಕಾವನ್ನು ಕೋಣೆಗೆ ಹೆಚ್ಚು ಬಿಡುವುದಿಲ್ಲ, ಅತಿಯಾದ ಬಿಸಿಗೆ ಒಡೆಯಲೂಬಹುದು. ಸೆರಾಮಿಕ್ ಗಾಜು ಎರಡರಲ್ಲೂ ವಾಸಿ. ತಯಾರಕರ ಕೈಪಿಡಿ ಓದಿ.

ಬಾಗಿಲು ಇಲ್ಲದವರಿಗೆ ಬಿಟ್ಟಿ ಉಪಾಯ ಒಂದಿದೆ. ಮಲಗುವ ಎರಡು ಗಂಟೆ ಮೊದಲೇ ಕೊನೆಯ ತುಂಡು ಹಾಕಿ. ಇನ್ನೊಂದು ಹಾಕೋಣ ಅನ್ನುವ ಆಸೆಯೇ ರಾತ್ರಿಯಿಡೀ ಚಿಮಣಿ ಬಿಸಿಯಾಗಿದ್ದು ಎಳೆಯುತ್ತಲೇ ಇರುವಂತೆ ಮಾಡುತ್ತದೆ. ಬೆಳಿಗ್ಗೆ ಬೂದಿ ಕೆದಕಿ, ಕೆಂಡ ಇಲ್ಲ ಅಂತ ಖಾತ್ರಿಯಾದ ಮೇಲೆ ಡ್ಯಾಂಪರ್ ಮುಚ್ಚಿ. ಬೂದಿ ತೆಗೆಯುವಾಗ ಮುಚ್ಚಳವಿರುವ ಲೋಹದ ಬಕೆಟ್‌ಗೇ ಹಾಕಿ ಮನೆಯಿಂದ ದೂರ ಇಡಿ. ಎಲ್ಲ ತೆಗೆಯಬೇಡಿ, ಎರಡು ಸೆಂಟಿಮೀಟರ್ ಪದರ ಬಿಟ್ಟರೆ ಮುಂದಿನ ಬೆಂಕಿಯ ಕೆಂಡ ಬೇಗ ಆರುವುದಿಲ್ಲ.

ಹಂತ 7: ದುಡ್ಡು ಹಾಕುವುದಾದರೆ ಎಲ್ಲಿಗೆ?

ಚಳಿಗಾಲದಲ್ಲಿ ದಿನಾ ಬೆಂಕಿ ಹಚ್ಚುವವರಿಗೆ ತೆರೆದ ಅಗ್ಗಿಷ್ಟಿಕೆಯನ್ನು ಎಷ್ಟು ರಿಪೇರಿ ಮಾಡಿದರೂ ಒಂದು ಮಿತಿ ಇದೆ. ಅವರಿಗೆ ಇನ್ಸರ್ಟ್ ಸರಿ. ಇದು ಹಳೆಯ ಬೆಂಕಿಗೂಡಿನೊಳಗೇ ಕೂರುವ, ಮುಚ್ಚಿದ ಬಾಗಿಲಿನ ಒಲೆ. ಗಾಳಿ ಎಷ್ಟು ಬೇಕೋ ಅಷ್ಟನ್ನೇ ಬಿಡುತ್ತದೆ. ಒಳ್ಳೆಯ ಇನ್ಸರ್ಟ್ ಸೌದೆಯ ಬಿಸಿಯಲ್ಲಿ ಶೇಕಡಾ 65ರಿಂದ 80ರಷ್ಟನ್ನು ಕೋಣೆಗೆ ಕೊಡುತ್ತದೆ. ಹತ್ತರಲ್ಲಿ ಒಂದು ಪಾಲಿಗೆ ಹೋಲಿಸಿ ನೋಡಿ.

ಕೊಳ್ಳುವಾಗ ಎರಡು ವಿಷಯ ಬಿಟ್ಟುಕೊಡಬೇಡಿ. ಚಿಮಣಿಯ ತುದಿಯವರೆಗೂ ಸರಿಯಾದ ಅಳತೆಯ ಸ್ಟೀಲ್ ಕೊಳವೆ ಹಾಕಿಸಿ. ಹಳೆಯ ಅಗಲ ಚಿಮಣಿಗೆ ಹಾಗೇ ಬಿಟ್ಟರೆ ಹೊಗೆ ತಣ್ಣಗಾಗಿ ಕ್ರಿಯೋಸೋಟ್ ಕಟ್ಟುತ್ತದೆ. ಆ ಕೊಳವೆಯ ಸುತ್ತ, ಕುತ್ತಿಗೆಯ ಜಾಗದಲ್ಲಿ, ಲೋಹದ ತಗಡಿನಿಂದ ಮುಚ್ಚಿಸಿ. ಇಲ್ಲದಿದ್ದರೆ ಇನ್ಸರ್ಟ್‌ನ ಬಿಸಿಯೇ ಹಿಂದಿನಿಂದ ಚಿಮಣಿ ಹತ್ತುತ್ತದೆ. ಇನ್ನು, ಕೋಣೆಗೆ ಬೇಕಾದ್ದಕ್ಕಿಂತ ದೊಡ್ಡದು ತರಬೇಡಿ. ಸೆಖೆಯಾಗಿ ಗಾಳಿ ಕಟ್ಟಿ ಮಂದವಾಗಿ ಉರಿಸಿದರೆ ಹೊಗೆ, ಮಸಿ ಎರಡೂ ಜಾಸ್ತಿ.

ಗ್ಯಾಸ್ ಅಗ್ಗಿಷ್ಟಿಕೆ ಇರುವವರಿಗೆ ಬೇರೆ ಕಥೆ. ಹಳೆಯ ಮಾದರಿಗಳಲ್ಲಿ ಪೈಲಟ್ ಅನ್ನುವ ಪುಟ್ಟ ಜ್ವಾಲೆ ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಅದೊಂದೇ 200ರಿಂದ 400 ವ್ಯಾಟ್‌ನಷ್ಟು ಶಕ್ತಿ ತಿನ್ನುತ್ತದೆ. 300 ಅಂತ ಹಿಡಿದರೂ ದಿನಕ್ಕೆ 7 ಯೂನಿಟ್ ದಾಟಿತು. ಚಳಿ ಮುಗಿದ ಮೇಲೆ ಆರಿಸಿಬಿಡಿ. ಹೊಸದು ಕೊಳ್ಳುವುದಾದರೆ ಎಲೆಕ್ಟ್ರಾನಿಕ್ ಆಗಿ ಹೊತ್ತುವ, ಗಾಳಿಯನ್ನು ಹೊರಗಿನಿಂದಲೇ ಪಡೆದು ಹೊಗೆಯನ್ನು ಹೊರಗೇ ಬಿಡುವ, ಮುಂದೆ ಗಾಜು ಮುಚ್ಚಿದ ಮಾದರಿ ನೋಡಿ. ಗ್ಯಾಸ್ ಅಗ್ಗಿಷ್ಟಿಕೆಯ ಡ್ಯಾಂಪರ್ ಪೂರ್ತಿ ಮುಚ್ಚದ ಹಾಗೆ ಕ್ಲಿಪ್ ಹಾಕಿದ್ದರೆ ಅದನ್ನು ತೆಗೆಯಬೇಡಿ. ಅದು ಹೊಗೆ ಹೊರಹೋಗಲಿ ಅಂತಲೇ ಹಾಕಿದ್ದು.

ಬೆಂಕಿ ಹಚ್ಚಿಯೇ ವರ್ಷಗಳಾದವು, ಇನ್ನು ಹಚ್ಚುವುದೂ ಇಲ್ಲ ಅನ್ನುವವರು ಚಿಮಣಿಯನ್ನು ಕಾಯಂ ಮುಚ್ಚಿಸಬಹುದು. ಆದರೆ ಮೇಲೂ ಕೆಳಗೂ ಗಾಳಿ ಆಡದಂತೆ ಸಿಮೆಂಟ್ ಬಳಿದರೆ ಒಳಗಿನ ಇಟ್ಟಿಗೆ ತೇವ ಹಿಡಿದು ಗೋಡೆಗೆ ಕಲೆ ಬರುತ್ತದೆ. ತುದಿಗೆ ಮಳೆ ಬೀಳದ, ಗಾಳಿಯಾಡುವ ಟೋಪಿ ಹಾಕಿಸಿ. ಕೆಳಗೆ ಮುಚ್ಚಿದ ಗೋಡೆಯಲ್ಲಿ ಅಂಗೈ ಅಗಲದ ಒಂದು ಜಾಲರಿ ಕಿಂಡಿ ಬಿಡಿಸಿ. ಅಷ್ಟು ಗಾಳಿ ಚಿಮಣಿಗೆ ಬೇಕು.